ಉದಗೀರಿನ ಚೀಟಿ, ಔರಾದಿನ ಪಹಣಿ

“ಸೋಯಾ ಬೆಳೆಯುವುದು ಕರ್ನಾಟಕದಲ್ಲಿ, ಮಾರುವುದು ಮಹಾರಾಷ್ಟ್ರದಲ್ಲಿ; ಅಷ್ಟಕ್ಕೂ ನೀವು ಯಾವ ಕಡೆಯವರು?” ಎಂದು ಮೊನ್ನೆ ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದಿರಿ. ನಾವು ಕನ್ನಡಿಗರೇ. ನಾವು ಮಾರಲು ಹೋಗುವ, ಈಗ ಮಹಾರಾಷ್ಟ್ರದಲ್ಲಿರುವ ಉದಗೀರು 1956ರವರೆಗೆ ನಮ್ಮ ಬೀದರ್ ಜಿಲ್ಲೆಯದೇ ತಾಲ್ಲೂಕಾಗಿತ್ತು. ರಾಜ್ಯಗಳ ಗಡಿ ಆಮೇಲೆ ಬಂತು, ನಮ್ಮ ಔರಾದಿನಿಂದ ಅಲ್ಲಿಗೆ ಬಂಡಿ ಹೋಗುವ ದಾರಿ ಅದಕ್ಕೂ ಮೊದಲಿನದು. ಅಲ್ಲಿಯ ಅಡತಿ (ದಲಾಲಿ) ಅಂಗಡಿಯಲ್ಲಿ ಮರಾಠಿಯಲ್ಲಿ ದರ ಮಾತಾಡಿದವನು ಮನೆಗೆ ಬಂದು ಲೆಕ್ಕ ಬರೆಯುವುದು ಕನ್ನಡದಲ್ಲಿಯೇ.

ಬೆಳೆ ಹೇಗಿದೆ ಎಂದೂ ಕೇಳಿದ್ದಿರಿ. 2025ರ ಆಗಸ್ಟ್ ಮತ್ತು ಸೆಪ್ಟೆಂಬರ್ ಮಳೆಯಲ್ಲಿ ಮಾಂಜ್ರಾ ನದಿ ದಂಡೆಯ ಹೊಲಗಳು ನೀರು ನಿಂತು ಕೆಟ್ಟವು. ಎತ್ತರದ ಹೊಲಗಳಲ್ಲಿ ಸೋಯಾ ಉಳಿಯಿತಾದರೂ, ಎಲೆ ಉದುರಿ ಕಾಯಿ ಒಣಗಬೇಕಾದ ಹೊತ್ತಿನಲ್ಲಿ ಮಳೆ ಹಿಡಿದದ್ದರಿಂದ ಕೆಲವು ಕಾಯಿಗಳು ಕಪ್ಪಾಗಿ, ಒಳಗೇ ಕಾಳು ಮೊಳಕೆಯೊಡೆದಿತ್ತು. ರಾಶಿಯಾದ ಮೇಲೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡುತ್ತೇವೆ: ಕಟ್ಟನೆ ಒಡೆದರೆ ಒಣಗಿದೆ, ಹಲ್ಲಿನ ಗುರುತು ಮಾತ್ರ ಬಿದ್ದರೆ ಹಸಿ. ಈ ಸಲ ಹೆಚ್ಚಿನವು ಹಸಿ. ಮೆಕ್ಕೆಜೋಳ ಸುಮಾರಾಗಿ ಬಂದಿದೆ.

ನಮ್ಮನ್ನು ವರ್ಷವೂ ಕಾಡುವುದು ಇಲ್ಲಿಂದ ಮುಂದಿನದು. 2025-26ಕ್ಕೆ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಸುಗ್ಗಿಯಲ್ಲಿ ಪೇಟೆಯಲ್ಲಿ ಅಷ್ಟು ಸಿಗಲಿಲ್ಲ. ಸರ್ಕಾರಿ ಖರೀದಿ ಕೇಂದ್ರದಲ್ಲಿ ಬೆಂಬಲ ಬೆಲೆಗೆ ಕೊಡಬೇಕಾದರೆ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ), ಪಹಣಿ, ನೋಂದಣಿ, ಕೊನೆಗೆ ಕಾಳಿನ ತೇವಾಂಶ ನೂರಕ್ಕೆ 12ರೊಳಗೆ. ನನ್ನ ಕಾಳು 14 ತೋರಿಸಿತು, ವಾಪಸು ಬಂದೆ. ನಮ್ಮ ತಂಗಿಯನ್ನು ಕೊಟ್ಟ ಊರು ನಾಲ್ಕು ಹೊಲ ದಾಟಿದರೆ ಗಡಿಯಾಚೆ; ಅದೇ ಬೀಜ, ಅದೇ ಮಳೆ, ಆದರೆ ಭಾವನ ಸಾತ್‌ಬಾರಾ (ಮಹಾರಾಷ್ಟ್ರದ ಪಹಣಿ) ಅಲ್ಲಿಯ ಖರೀದಿ ಕೇಂದ್ರದಲ್ಲಿ ನಡೆಯುತ್ತದೆ, ನನ್ನ ಪಹಣಿ ನಡೆಯುವುದಿಲ್ಲ. ಅಡತಿಯವನು ಮಾತ್ರ ಯಾವ ರಾಜ್ಯದ ಕಾಗದವನ್ನೂ ಕೇಳದೆ, ತೇವಾಂಶಕ್ಕೆ ದರ ಮುರಿದು, ಹಣ ಎಣಿಸುತ್ತಾನೆ. ರಸಗೊಬ್ಬರದ ಸಾಲ ಇಟ್ಟುಕೊಂಡವರು ಬೇರೆಲ್ಲಿಗೆ ಹೋಗಬೇಕು? ನಾವು ಆಚೆಗೆ ಹೋಗುವುದನ್ನು ನಿಷ್ಠೆಯ ಕೊರತೆ ಎಂದು ಓದುವವರು ಖರೀದಿ ಕೇಂದ್ರದ ಸರತಿಯಲ್ಲಿ ಒಂದು ದಿನ ನಿಲ್ಲಬೇಕು.

ಸುಗ್ಗಿಯಲ್ಲಿ ದರ ಬೇಗ ಏರುವ ಲಕ್ಷಣ ನನಗೆ ಕಾಣಲಿಲ್ಲ. ಸೋಯಾದಲ್ಲಿ ಎಣ್ಣೆ ನೂರಕ್ಕೆ 18ರಷ್ಟು, ಉಳಿದದ್ದರಲ್ಲಿ ಬಹುಪಾಲು ಹಿಂಡಿ. ಹೀಗಾಗಿ ಕಾಳಿನ ಬೆಲೆ ಹೆಚ್ಚಾಗಿ ಹಿಂಡಿಯ ಬೆಲೆಯನ್ನೇ ನೆಚ್ಚಿದೆ. ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಚರಟ ಅಗ್ಗವಾಗಿ ಕೋಳಿ ಆಹಾರಕ್ಕೆ ಹೋಗುತ್ತಿರುವುದರಿಂದ ಸೋಯಾ ಹಿಂಡಿಗೆ ಗಿರಾಕಿ ಕಡಿಮೆಯಾಗಿದೆ. 2025ರ ಮೇ ಕೊನೆಯಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕ ನೂರಕ್ಕೆ 20ರಿಂದ 10ಕ್ಕೆ ಇಳಿದದ್ದು, ಹೊರಗಿನ ಎಣ್ಣೆಯನ್ನು ಅಗ್ಗ ಮಾಡಿ, ಎಣ್ಣೆಯ ಕಡೆಯಿಂದಲೂ ಪೆಟ್ಟು ಕೊಟ್ಟಿತು. ಮೆಕ್ಕೆಜೋಳಕ್ಕಾದರೂ 2025-26ರ ಬೆಂಬಲ ಬೆಲೆ 2,400 ರೂಪಾಯಿ ಪೇಟೆಯಲ್ಲಿ ದಕ್ಕಲಿಲ್ಲ.

ಅರ್ಧ ಮಾಲನ್ನು ಉದಗೀರಿಗೆ ಕಳಿಸಿದ್ದೇನೆ. ಉಳಿದ ಹದಿನಾಲ್ಕು ಚೀಲದ ಕಾಳು ಅಂಗಳದ ತಾಡಪತ್ರಿಯ ಮೇಲೆ ಹರಡಿದೆ. ಎರಡು ದಿನ ಬಿಸಿಲು ಬಿದ್ದರೆ ಮತ್ತೊಮ್ಮೆ ನಮ್ಮ ಕೇಂದ್ರಕ್ಕೇ ಒಯ್ಯುತ್ತೇನೆ.