ಕಬ್ಜೆ ಮೊದಲು, ಪಹಣಿ ಆಮೇಲೆ

ಪ್ರಶ್ನೆ: ಪುದುಚೇರಿ ಭಾರತಕ್ಕೆ ಸೇರಿದ್ದು 1954ರಲ್ಲೋ, 1962ರಲ್ಲೋ? ಮಗಳ ಎರಡು ಪುಸ್ತಕಗಳಲ್ಲಿ ಎರಡು ಇಸವಿಗಳಿವೆ.
— ಓದುಗರೊಬ್ಬರು, ರಾಯಚೂರು

ಉತ್ತರ: ಎರಡೂ ಸರಿಯೇ. 1954ರ ಅಕ್ಟೋಬರ್ 18ರಂದು ಪುದುಚೇರಿಯ ಕೀಳೂರು ಗ್ರಾಮದಲ್ಲಿ 178 ಜನಪ್ರತಿನಿಧಿಗಳ ಪೈಕಿ 170 ಮಂದಿ ವಿಲೀನದ ಪರವಾಗಿ ಮತ ನೀಡಿದ ಬಳಿಕ, ನವೆಂಬರ್ 1ರಂದು ಫ್ರೆಂಚರು ಅಲ್ಲಿನ ಆಡಳಿತವನ್ನು ಭಾರತಕ್ಕೆ ಒಪ್ಪಿಸಿದರಾದರೂ, ಸಾರ್ವಭೌಮತ್ವ ಮಾತ್ರ ಕಾನೂನಿನ ಪ್ರಕಾರ ಫ್ರಾನ್ಸಿನದಾಗಿಯೇ ಉಳಿಯಿತು. ಹೊಲದ ಕಬ್ಜೆ ಕೈಗೆ ಬಂದು, ಪಹಣಿಯಲ್ಲಿ ಹೆಸರು ಏರಲು ವರ್ಷಗಟ್ಟಲೆ ಕಾಯುವ ಪಾಡನ್ನು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಸಾರ್ವಭೌಮತ್ವವನ್ನೂ ಭಾರತಕ್ಕೆ ಬಿಟ್ಟುಕೊಡಲು 1956ರ ಮೇ 28ರಂದು ಸಹಿಯಾದ ಒಪ್ಪಂದಕ್ಕೆ ಫ್ರಾನ್ಸಿನ ಸಂಸತ್ತು ಅಲ್ಜೀರಿಯಾದ ಯುದ್ಧ ಮುಗಿದ ಮೇಲಷ್ಟೇ ಒಪ್ಪಿಗೆ ನೀಡಿದ್ದರಿಂದ, ಅದು ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಬಂಗಾಳದಲ್ಲಿದ್ದ ಫ್ರೆಂಚ್ ವಸಾಹತು ಚಂದ್ರನಗರದಲ್ಲಿಯೂ ಇದೇ ಕ್ರಮ ನಡೆದಿತ್ತು: ಆಡಳಿತ 1950ರಲ್ಲಿ, ಸಾರ್ವಭೌಮತ್ವ 1952ರಲ್ಲಿ.