ಪ್ರತಿಕ್ರಿಯೆ: ಕಾರಿನಲ್ಲಿ ಲೈವ್ ಆಲ್ಬಮ್‌ನ ಚಪ್ಪಾಳೆ ಕಟ್ ಆಗುವುದು

ಸಿಡಿಯಿಂದ ಎಂಪಿ3 ಮಾಡಿದ ಲೈವ್ ಆಲ್ಬಮ್ ಕಾರಿನಲ್ಲಿ ಹಾಕಿದರೆ ಹಾಡುಗಳ ನಡುವೆ ಚಪ್ಪಾಳೆ ಕಟ್ ಆಗುತ್ತದೆ, ಸಿಡಿ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಸಿಡಿ ಕೆಟ್ಟಿರಲಾರದು, ಬಹುಶಃ ಎಂಪಿ3 ಮಾಡಿದ್ದೇ ಕಾರಣ. ಎಂಪಿ3 ಆಗುವಾಗ ಪ್ರತಿ ಹಾಡಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ಸ್ಟುಡಿಯೋ ಹಾಡಲ್ಲಿ ಅದು ಗೊತ್ತೇ ಆಗುವುದಿಲ್ಲ, ಆದರೆ ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ 1971ರಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಥಿಯೇಟರ್‌ನಲ್ಲಿ ನುಡಿಸಿದಂಥ ಲೈವ್‌ನಲ್ಲಿ ಚಪ್ಪಾಳೆ ಮಧ್ಯೆ ಟಕ್ ಅಂತ ಕತ್ತರಿಸಿದ ಹಾಗೆ ಕೇಳಿಸುತ್ತದೆ.

ಮೊದಲು ಅದೇ ಫೈಲ್‌ಗಳನ್ನು ಫೋನಿನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವ ಸೆಟ್ಟಿಂಗ್) ಆನ್ ಮಾಡಿ ಕೇಳಿ. ಅಲ್ಲಿ ಸರಿ ಇದ್ದರೆ ತೊಂದರೆ ಕಾರಿನ ಸ್ಟೀರಿಯೋದ್ದು. ಆಗ ಇಡೀ ಸಿಡಿಯನ್ನು ಒಂದೇ ಫೈಲ್ ಆಗಿ ರಿಪ್ ಮಾಡಿ (ಅಂದರೆ ಕಂಪ್ಯೂಟರ್‌ಗೆ ಇಳಿಸಿಕೊಂಡು) ಪೆನ್‌ಡ್ರೈವ್‌ಗೆ ಹಾಕಿ. ಹಾಡು ಹಾರಿಸಲು ಆಗುವುದಿಲ್ಲ, ಆದರೆ ಮೈಸೂರಿಂದ ಮಂಡ್ಯದವರೆಗೆ ಹಾರಿಸದೆ ಕೇಳಬೇಕಾದ ಸಂಗೀತವೇ ಅಲ್ವಾ ಅದು! ಫೋನಿನಲ್ಲೂ ಕಟ್ ಆದರೆ ಫ್ಲ್ಯಾಕ್ (ಧ್ವನಿಯಲ್ಲಿ ಏನನ್ನೂ ಕಳೆದುಕೊಳ್ಳದ ಫೈಲ್ ಬಗೆ) ಮಾಡಿ. ಇರುವ ಎಂಪಿ3ಯನ್ನೇ ಸುಮ್ನೆ ಫ್ಲ್ಯಾಕ್‌ಗೆ ಬದಲಿಸಬೇಡಿ, ಸಿಡಿಯಿಂದಲೇ ಮತ್ತೆ ತೆಗೆಯಿರಿ.