ಶಾಲೆ ಬಿಡಿಸೋದು ಈಗಲೇ ಬೇಡ ಅಣ್ಣಾ

ಬಳ್ಳಾರಿಯಲ್ಲಿ ಟೆನಿಸ್ ಆಡ್ತಿರೋ 13 ವರ್ಷದ ಮಗಳನ್ನ ಶಾಲೆ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ ಅಣ್ಣಾ. 14 ತುಂಬೋವರೆಗೂ ಡಬ್ಲ್ಯುಟಿಎ (ಮಹಿಳಾ ವೃತ್ತಿ ಟೆನಿಸ್ ಸಂಸ್ಥೆ) ವೃತ್ತಿ ಟೂರ್ನಿ ಆಡೋಕೇ ಬಿಡಲ್ಲ; 18ರವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಅಂತ ಮಿತಿ. ಅಮೆರಿಕದ ಆಟಗಾರ್ತಿ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ಕ್ಕೇ ವೃತ್ತಿಗಿಳಿದು, 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಮರುವರ್ಷ ಆಟದಿಂದಲೇ ಕೆಲಕಾಲ ದೂರ ಸರಿದಳು. ಈ ಮಿತಿ ಬಿಗಿಯಾಗಿದ್ದು ಆಮೇಲೆ. ಆತುರ ಯಾಕೆ? ನಮ್ಮ ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ (ಜೋಡಿ ಆಟ) ವಿಶ್ವದ ನಂಬರ್ ಒನ್ ಆಗಿದ್ದು 2024ರಲ್ಲಿ, 43ಕ್ಕೆ!

ನನ್ನ ಮಗನೂ ಟೆನಿಸ್ ಆಡ್ತಿದ್ದ; ಅವನ ರಾಕೆಟ್ ಗಟ್ (ತಂತಿ) ಕಿತ್ತರೆ ಹೊಸದು ಹಾಕಿಸೋಕೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗೋರ ಕೈಲಿ ಬೆಂಗಳೂರಿಗೆ ಕಳಿಸ್ತಿದ್ದೆ. ಖರ್ಚು ಹೋಗ್ಲಿ ಬಿಡಿ. ಸೋತು ಬರೋವಾಗ ಅವನು ಮೊಣಕೈಗೆ ಐಸ್ ಒತ್ತಿಕೊಂಡು ಕಿಟಕಿ ನೋಡ್ತಿದ್ದ, ನಾನು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳೋದು) ಲೆಕ್ಕ ಕೇಳ್ತಿದ್ದೆ. ತಪ್ಪು ನಂದೇ.

ರಜೆಯಲ್ಲಿ ಬೆಂಗಳೂರಿಗೆ ಕಳಿಸಿ, ಸಾಕು. ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ ಪ್ರಾಕ್ಟೀಸ್ ಮುಗಿಸಿಬಿಡಿ.